ಹಂದಿಗೂಡಿಗೆ ಕ್ಯಾಮೆರಾ ಇಟ್ಟ ರೇಮಂಡ್ ಪೊರ್ಬುಗಳು

ಇನ್ನಂಜೆಯಲ್ಲಿ ರೇಮಂಡ್ ಕ್ವಾಡ್ರಸ್ ಎಂದು ಕೇಳಿದರೆ ಯಾರೂ ಮನೆ ತೋರಿಸುವುದಿಲ್ಲ. ಪೊರ್ಬುಗಳ ಹಂದಿಗೂಡು ಯಾವುದು ಎಂದು ಕೇಳಿದರೆ ಮನೆಯವರೆಗೆ ಬಂದು ಬಿಟ್ಟುಹೋಗುತ್ತಾರೆ. ಯಾರೂ ಬರದಿದ್ದರೂ ತೊಂದರೆಯಿಲ್ಲ. ಗಾಳಿ ಸರಿಯಾಗಿ ಬೀಸಿದರೆ ಮೂಗೇ ದಾರಿ ಹೇಳುತ್ತದೆ. ತುಳು ಮಾತಾಡುವ ನಮ್ಮ ಕಡೆ ಕ್ರೈಸ್ತರ ಮನೆಯ ಯಜಮಾನರನ್ನು ಪೊರ್ಬುಗಳು ಎಂದೇ ಕರೆಯುವುದು. ರೇಮಂಡರಿಗೆ ಆ ಪದವಿ ಬಂದದ್ದು ಮಾತ್ರ ತಡವಾಗಿ, ಕುವೈತಿನ ಕೆಲಸ ಮುಗಿಸಿ ಊರಿಗೆ ಬಂದ ಮೇಲೆ. ಅದುವರೆಗೆ ಅವರು ಗ್ಲೋರಿಯಾ ಬಾಯಿಯ ಗಂಡ, ಗಲ್ಫಿನಲ್ಲಿ ಇರುವವರು, ಅಷ್ಟೇ.

ಕುವೈತಿನಲ್ಲಿ ಅವರಿಗಿದ್ದದ್ದು ನೋಡುವ ಕೆಲಸ. ಒಂದು ಮಾಲ್‌ನ ನೆಲಮಾಳಿಗೆಯಲ್ಲಿ, ಗೋಡೆ ತುಂಬ ಪರದೆಗಳಿರುವ ಕೋಣೆಯಲ್ಲಿ ಕುಳಿತು ಮೇಲಿನ ಲೋಕವನ್ನು ನೋಡುತ್ತಿರುವುದು. ಯಾರದೋ ಮಗು ಎಸ್ಕಲೇಟರಿನಲ್ಲಿ ಚಪ್ಪಲಿ ಸಿಕ್ಕಿಸಿಕೊಂಡದ್ದು, ಯಾರೋ ಹೆಂಗಸು ಅತ್ತರಿನ ಬಾಟಲಿಯನ್ನು ಕೊಂಡುಕೊಳ್ಳದೆ ಮೈಗೆಲ್ಲ ಹಾಕಿಕೊಂಡದ್ದು, ಎಲ್ಲ ಅವರಿಗೆ ಕಾಣುತ್ತಿತ್ತು. ಮದುವೆಯಾದ ಮೇಲಿನ ಆಯುಷ್ಯದ ಹೆಚ್ಚಿನ ಪಾಲು ಆ ಕೋಣೆಗೇ ಹೋಯಿತು. ತಮ್ಮನ ಮದುವೆಯನ್ನು ಅವರು ಅಲ್ಲಿಂದಲೇ ಫೋನಿನಲ್ಲಿ ನೋಡಿದರು. ಮನೆಯ ಹಳೆಯ ಹೆಂಚಿನ ಮಾಡು ತೆಗೆದು ಸ್ಲ್ಯಾಬು ಹಾಕಿದ್ದನ್ನೂ ನೋಡಿದರು, ತಾಯಿಯ ಶವಪೆಟ್ಟಿಗೆಯನ್ನು ಇಗರ್ಜಿಗೆ ಹೊತ್ತುಕೊಂಡು ಹೋದದ್ದನ್ನೂ ನೋಡಿದರು. ಮಣ್ಣು ಹಾಕುವ ಹೊತ್ತಿಗೆ ನೆಟ್‌ವರ್ಕ್ ಹೋಗಿತ್ತು. ಗಲ್ಫಿಗೆ ಹೋದವರಿಗೆ ಊರಿನ ಸುಖದುಃಖವೆಲ್ಲ ಕಾಣುತ್ತದೆ, ಕೈಗೆ ಮಾತ್ರ ಸಿಗುವುದಿಲ್ಲ. ಹೋಗದೆ ಇಲ್ಲೇ ಉಳಿದ ನಮ್ಮಂಥವರು ಎದುರಿಗಿದ್ದದ್ದನ್ನೂ ನೋಡುವುದಿಲ್ಲ, ಅದು ಬೇರೆ ವಿಷಯ.

ಅವರಿಗೆ ಮಕ್ಕಳಾಗಲಿಲ್ಲ. ಅತ್ತೆ ತೀರಿಕೊಂಡ ಮೇಲೆ ಮನೆ ಖಾಲಿಯಾಯಿತೆಂದು ಗ್ಲೋರಿಯಾ ಬಾಯಿ ಕಾರ್ಕಳದ ತಂಗಿ ವೆರೊನಿಕಾಳ ಮನೆಯಿಂದ ಎರಡು ಹಂದಿಮರಿ ತಂದು ಕಟ್ಟಿದರು. ಎರಡು ಹತ್ತಾಗಿ, ಹತ್ತು ಮೂವತ್ತಾಗಿ, ತೋಟದ ಬದಿಗೆ ಸಾಲಾಗಿ ಗೂಡುಗಳೆದ್ದವು. ಮಣಿಪಾಲದ ಹಾಸ್ಟೆಲುಗಳಲ್ಲಿ ದೇಶದ ಎಲ್ಲ ಕಡೆಯ ಮಕ್ಕಳು ಓದುತ್ತಾರೆ, ದೇಶದ ಎಲ್ಲ ಕಡೆಯ ಅಡುಗೆಯನ್ನೂ ತಟ್ಟೆಯಲ್ಲಿ ಬಿಟ್ಟೇಳುತ್ತಾರೆ. ಕೆಲಸದ ಕಿಟ್ಟ ಅದನ್ನು ಡ್ರಮ್ಮಿಗೆ ತುಂಬಿಸಿ ಟೆಂಪೊದಲ್ಲಿ ತರುತ್ತಿದ್ದ. ಗ್ಲೋರಿಯಾ ಬಾಯಿ ಅದನ್ನು ಹಂಡೆಯಲ್ಲಿ ಮತ್ತೊಮ್ಮೆ ಕುದಿಸಿ ಹಾಕುತ್ತಿದ್ದರು. ಪರೀಕ್ಷೆ ಹತ್ತಿರ ಬಂದರೆ ಮಕ್ಕಳಿಗೆ ಹಸಿವಿಲ್ಲ, ಇನ್ನಂಜೆಯ ಹಂದಿಗಳಿಗೆ ಹಬ್ಬ. ರಾಜ್ಮಾ, ಪನೀರು, ನೂಡಲ್ಸು ಇವುಗಳ ರುಚಿ ಊರಿನ ಹಿರಿಯರಿಗಿಂತ ಮೊದಲು ತಿಳಿದದ್ದು ಹಂದಿಗಳಿಗೇ.

ಇವುಗಳಿಗೆಲ್ಲ ಯಜಮಾನಿ ಮೇಡಮ್. ಅದು ಒಂದು ಬಿಳಿಯ ಹೆಣ್ಣುಹಂದಿಯ ಹೆಸರು. ತಲೆ ಎತ್ತಿ, ಅಕ್ಕಪಕ್ಕ ನೋಡದೆ, ಹೆಡ್‌ಮಿಸ್ಟ್ರೆಸ್ ವರಾಂಡದಲ್ಲಿ ನಡೆದ ಹಾಗೆ ನಡೆಯುತ್ತದೆಂದು ಗ್ಲೋರಿಯಾ ಬಾಯಿ ಇಟ್ಟ ಹೆಸರು. ಮೇಡಮ್ ಮರಿ ಹಾಕುವಾಗ ಬೇರೆ ಯಾರೂ ಗೂಡಿನೊಳಗೆ ಕಾಲಿಡುವಂತಿಲ್ಲ. ಒಮ್ಮೆ ಕಿಟ್ಟ ಕಾಲಿಟ್ಟು, ಲುಂಗಿಯನ್ನು ಒಳಗೇ ಬಿಟ್ಟು ಗೋಡೆ ಹಾರಿದ್ದ. ಗ್ಲೋರಿಯಾ ಬಾಯಿ ಮಾತ್ರ ಕವುಚಿದ ಬಾಲ್ದಿಯ ಮೇಲೆ ಒಳಗೇ ಕೂತಿರುತ್ತಿದ್ದರು. ಹಂದಿ ಮಲಗುವುದೆಂದರೆ ನಾವು ಮಲಗಿದ ಹಾಗಲ್ಲ, ಗೋಡೆ ಬಿದ್ದ ಹಾಗೆ. ಅಡಿಯಲ್ಲಿ ಮರಿ ಸಿಕ್ಕಿದರೆ ಮುಗಿಯಿತು. ಆದ್ದರಿಂದ ಮೇಡಮಿಗೆ ಮಲಗುವ ಮನಸ್ಸಾದಾಗ ಗ್ಲೋರಿಯಾ ಬಾಯಿ "ಯೋ ಬಾಯ್, ಯೋ" ಎಂದು ಕೊಂಕಣಿಯಲ್ಲಿ ಹತ್ತಿರ ಕರೆಯುವರು, ಕಾಲಿನಿಂದ ಮರಿಗಳನ್ನು ಬಲ್ಬಿನ ಬಿಸಿಗೆ ಸರಿಸುವರು, ಆಮೇಲೆ ಆ ಕಾಲನ್ನೇ ಅಡ್ಡ ಇಡುವರು. ಮೇಡಮ್ ಅವರ ಕಾಲಿಗೆ ಬೆನ್ನು ತಾಗಿಸಿ ಬೀಳುವಳು. ವರ್ಷಗಳಿಂದ ಅದೇ ಕ್ರಮ.

ಊರಿಗೆ ಬಂದ ರೇಮಂಡರಿಗೆ ಈ ಸಂಸಾರದಲ್ಲಿ ಮಾಡಲಿಕ್ಕೆ ಏನೂ ಇರಲಿಲ್ಲ. ಗೂಡಿನ ಗೋಡೆಯ ಹೊರಗೆ ಕೈ ಕಟ್ಟಿ ನಿಂತು ನೋಡುತ್ತಿದ್ದರು. "ಪೊರ್ಬುಗಳು ಇನ್ನೂ ಡ್ಯೂಟಿಯಲ್ಲೇ ಉಂಟು," ಎಂದು ಕಿಟ್ಟ ನಗುತ್ತಿದ್ದ.

ಹಾಗಿರುವಾಗ ಗ್ಲೋರಿಯಾ ಬಾಯಿಯ ಹೊಟ್ಟೆನೋವು ಗ್ಯಾಸ್ಟ್ರಿಕ್ ಅಲ್ಲವೆಂದು ತಿಳಿಯಿತು. ಮಣಿಪಾಲದ ಆಸ್ಪತ್ರೆಗೆ ಸೇರಿಸಿದರು. ಡಾಕ್ಟರು ರೇಮಂಡರನ್ನು ವರಾಂಡಕ್ಕೆ ಕರೆದು ಗಡ್ಡೆಯ ವಿಷಯ ಹೇಳಿದರು, ಮುಂದೆ ಏನೆಂದೂ ಹೇಳಿದರು. ಒಳಗೆ ಬಂದಾಗ ಗ್ಲೋರಿಯಾ ಬಾಯಿ ಆ ಮುಖ ನೋಡಿ, ಡಾಕ್ಟರು ಹೇಳಿದ್ದೇನೆಂದು ಕೇಳಲಿಲ್ಲ. ಬೇರೆಯದನ್ನೇ ಕೇಳಿದರು.

"ಕೇಳಿತಾ? ಮೇಡಮಿಗೆ ದಿನ ಹತ್ತಿರ ಬಂತು. ಆ ದಿನಕ್ಕೆ ಒಮ್ಮೆ ನನ್ನನ್ನು ಕರ್ಕೊಂಡು ಹೋಗ್ಬೇಕು. ಅವಳ ಮರಿ ಒಂದು ನೋಡಿದ್ರೆ ಆಯ್ತು. ಆಮೇಲೆ ನೀವು ಎಲ್ಲಿ ಹಾಕಿದ್ರೂ ಬಿದ್ಕೊಳ್ತೇನೆ."

ಡಾಕ್ಟರನ್ನು ಕೇಳಿದ್ದಕ್ಕೆ, ಈ ನಳಿಗೆಗಳನ್ನೆಲ್ಲ ಹಾಕಿಕೊಂಡು ಹಂದಿಗೂಡಿಗೆ ಕಳಿಸಲು ಸಾಧ್ಯವೇ ಇಲ್ಲ ಎಂದರು. ತಪ್ಪಲ್ಲ. ಆದರೆ ಮದುವೆಯಾದಂದಿನಿಂದ ಹೆಂಡತಿ ಗಂಡನಲ್ಲಿ ಬಾಯಿಬಿಟ್ಟು ಕೇಳಿದ್ದು ಅದೊಂದೇ. ರೇಮಂಡರು ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಚಹಾ ಆರಲು ಬಿಟ್ಟು ಕೂತು ಯೋಚಿಸಿದರು. ಲೋಕದಲ್ಲಿ ತನಗೆ ಗೊತ್ತಿರುವ ವಿದ್ಯೆ ಒಂದೇ ಒಂದು. ಅದು ಈಗ ಉಪಯೋಗಕ್ಕೆ ಬರುತ್ತದೆ ಎಂದು ಹೊಳೆದಾಗ ಅವರಿಗೆ ನಾಚಿಕೆಯಾಗುವಷ್ಟು ಸಂತೋಷವಾಯಿತು.

"ನಿನಗೆ ಹೋಗ್ಲಿಕ್ಕೆ ಆಗದಿದ್ರೆ ಬೇಡ ಗ್ಲೋರಿ. ಗೂಡನ್ನೇ ಇಲ್ಲಿಗೆ ತರ್ತೇನೆ," ಎಂದರು.

ಕ್ಯಾಮೆರಾ ಇಡಲು ಬಂದವನು ಅಂಬಲಪಾಡಿಯ ವಿದ್ಯಾಧೀಶ. ದೇವಸ್ಥಾನದ ಹುಂಡಿಯಿಂದ ಹಿಡಿದು ಚಿನ್ನದ ಅಂಗಡಿಯವರೆಗೆ ಅವನ ಕ್ಯಾಮೆರಾಗಳು ಕಾವಲಿಗಿವೆ. ಸ್ಕೂಟರಿನಿಂದ ಇಳಿದವನು ಗೂಡಿನ ಸಾಲು ನೋಡಿ ಕರ್ಚೀಫು ಮೂಗಿಗೆ ಹಿಡಿದ.

"ನೀವು ಫೋನಿನಲ್ಲಿ ಫಾರ್ಮ್ ಅಂದ್ರಿ. ಹಂದಿ ಅಂತ ಹೇಳ್ಲೇ ಇಲ್ಲ ಅಲ್ವಾ."

"ಹಂದಿಯದ್ದೂ ಫಾರ್ಮೇ ಮಾರಾಯ್ರೆ."

"ಅಮ್ಮನಿಗೆ ಗೊತ್ತಾದ್ರೆ ನನ್ನನ್ನು ಬಾವಿಕಟ್ಟೆಯಲ್ಲೇ ನಿಲ್ಲಿಸಿ ನೀರು ಹೊಯ್ತಾರೆ."

"ಕೋಳಿ ಫಾರ್ಮ್ ಅಂತ ಹೇಳಿ ಸ್ವಾಮೀ," ಎಂದು ಕಿಟ್ಟ ದಾರಿ ತೋರಿಸಿದ.

"ಕೋಳಿಗೂ ನೀರೇ ಹೊಯ್ಯುದು. ದನ ಅಂತ ಹೇಳ್ತೇನೆ, ಬಿಡಿ."

ಆದರೆ ಕೆಲಸಕ್ಕೆ ಇಳಿದ ಮೇಲೆ ಅವನ ಕರ್ಚೀಫು ಕಿಸೆಗೆ ಹೋಯಿತು. ವಯರನ್ನು ಹಂದಿ ಅಗಿಯದ ಹಾಗೆ ಕಬ್ಬಿಣದ ಪೈಪಿನೊಳಗೆ ಎಳೆಯಬೇಕು. ಮಸೂರದ ಮೇಲೆ ನೊಣ ಕೂರದ ಹಾಗೆ, ಗೂಡು ತೊಳೆದ ನೀರು ಹಾರದ ಹಾಗೆ ಎತ್ತರ ನೋಡಬೇಕು. ರೇಮಂಡರು ಪ್ಯಾಂಟು ಮಡಚಿ ತಾವೇ ಏಣಿ ಹತ್ತಿದರು, ಕೈಯಲ್ಲಿ ಚೌಕಟ್ಟು ಮಾಡಿ ಒಂದು ಕಣ್ಣು ಮುಚ್ಚಿ ನೋಡಿದರು, ಇಂಗ್ಲಿಷಿನಲ್ಲಿ ಆಜ್ಞೆ ಕೊಟ್ಟರು. ಕಿಟ್ಟ ಬೆರಗಾಗಿ ನಿಂತ. ಪೊರ್ಬುಗಳಿಗೂ ಏನೋ ಬರುತ್ತದೆ ಎಂದು ಅವನಿಗೆ ಮೊದಲ ಸಲ ಕಂಡಿತು.

ಬಲ್ಬು, ಬಾಲ್ದಿ, ಮರಿಗಳ ಜಾಗ ಎಲ್ಲ ಚೆನ್ನಾಗಿ ಕಾಣಲೆಂದು ಮೇಡಮ್‌ನ ಗೂಡಿನ ಕ್ಯಾಮೆರಾವನ್ನು ಎದುರು ಮೂಲೆಯಲ್ಲಿ ಇಟ್ಟರು.

"ಇದರ ಸರಿ ಅಡಿಯಲ್ಲಿ ಸ್ವಲ್ಪ ಜಾಗ ಕಾಣುದಿಲ್ಲ," ಎಂದ ವಿದ್ಯಾಧೀಶ. "ಇನ್ನೊಂದು ಕ್ಯಾಮೆರಾ ಉಂಟಲ್ಲ, ಅದನ್ನು ಆ ಕಡೆ ಇಟ್ಟರೆ ಕಾಣ್ತದೆ."

ಎಲ್ಲ ಕ್ಯಾಮೆರಾದ ಕಾಲಬುಡದಲ್ಲೂ ಅಂಥ ಒಂದು ಕುರುಡು ಜಾಗ ಇರುತ್ತದೆಂದು ರೇಮಂಡರಿಗೆ ಗೊತ್ತಿಲ್ಲದ್ದೇನಲ್ಲ. ಕುವೈತಿನಲ್ಲಿ ಹೊಸಬರಿಗೆ ಅದನ್ನೇ ಮೊದಲ ಪಾಠವಾಗಿ ಕಲಿಸಿದವರು ಅವರು. ಆದರೆ ಎರಡನೆಯ ಕ್ಯಾಮೆರಾದಲ್ಲಿ ಅವರಿಗೆ ಬೇರೆ ಆಸೆ ಇತ್ತು. ಅದನ್ನು ಹೊರಗೆ ಇಟ್ಟರೆ ಅಂಗಳ, ಬಾವಿ, ಹಲಸಿನ ಮರ, ಉಳಿದ ಹಂದಿಗಳು, ಎಲ್ಲ ಗ್ಲೋರಿಗೆ ಕಾಣುತ್ತದೆ.

"ಆ ಮೂಲೆಯಲ್ಲಿ ಎಂತ ಉಂಟು ನೋಡ್ಲಿಕ್ಕೆ? ಬರೀ ಸಿಮೆಂಟು. ಅದನ್ನು ಅಂಗಳಕ್ಕೆ ಇಡಿ," ಎಂದರು.

ಹೋಗುವ ಮೊದಲು ವಿದ್ಯಾಧೀಶ ಗ್ಲೋರಿಯಾ ಬಾಯಿಯ ಫೋನಿಗೆ ಕ್ಯಾಮೆರಾಗಳನ್ನು ಜೋಡಿಸಿ, ಅದರಲ್ಲಿ ಒಂದು ಗುಂಡಿ ತೋರಿಸಿದ. ಇದನ್ನು ಒತ್ತಿ ಮಾತಾಡಿದರೆ ಕ್ಯಾಮೆರಾದಿಂದ ಸ್ವರ ಬರ್ತದೆ, ಕಳ್ಳರನ್ನು ಹೆದರಿಸಲಿಕ್ಕೆ ಎಂದ.

ಆಸ್ಪತ್ರೆಯಲ್ಲಿ ಗ್ಲೋರಿಯಾ ಬಾಯಿ ಆ ಫೋನನ್ನು ಎರಡು ಕೈಯಲ್ಲೂ ಹಿಡಿದು ಕಣ್ಣಿನ ಹತ್ತಿರ ತಂದರು. ಆಮೇಲೆ, "ಹಲಸಿನಕಾಯಿ ಕೊಯ್ದಿಲ್ಲ ಕಿಟ್ಟ, ಸೋಮಾರಿ," ಎಂದರು. ರೇಮಂಡರಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಬೇಕಿರಲಿಲ್ಲ.

ಅಂದಿನಿಂದ ಹಾಸಿಗೆಯಲ್ಲೇ ಆಡಳಿತ ಶುರುವಾಯಿತು. ಕಿಟ್ಟ ಬೀಡಿ ಹಚ್ಚಿದರೆ ಫೋನು ಬರುತ್ತಿತ್ತು, ಹಂಡೆ ತೊಳೆಯದಿದ್ದರೆ ಫೋನು ಬರುತ್ತಿತ್ತು. "ಬಾಯಮ್ಮ ಆಸ್ಪತ್ರೆಗೆ ಹೋದ್ರೆ ನನಗೆ ನಾಲ್ಕು ದಿನ ವಿಶ್ರಾಂತಿ ಅಂತ ಎಣಿಸಿದ್ದೆ. ಈಗ ಮೂತ್ರಕ್ಕೆ ಹೋಗ್ಲಿಕ್ಕೂ ಹೆದರಿಕೆ," ಎಂದು ಅವನು ಊರೆಲ್ಲ ಹೇಳಿಕೊಂಡು ತಿರುಗಿದ. ಗಂಜಿಯನ್ನು ಎರಡು ಚಮಚಕ್ಕೆ ಬಿಡುತ್ತಿದ್ದವರು ಈಗ ಅರ್ಧ ಬಟ್ಟಲು ಉಣ್ಣತೊಡಗಿದರು.

ಪಕ್ಕದ ಹಾಸಿಗೆಯಲ್ಲಿ ಉಡುಪಿಯ ಸುಭಾಷಿಣಿ ಟೀಚರಿದ್ದರು, ನಿವೃತ್ತರು, ಈರುಳ್ಳಿಯನ್ನೂ ಮುಟ್ಟದವರು.

"ಗ್ಲೋರಿಯಾ ಬಾಯಿ, ನೀವು ಯಾವಾಗ್ಲೂ ನೋಡುದು ಎಂತ, ಸೀರಿಯಲ್ಲಾ?"

"ಅಲ್ಲ ಟೀಚರೇ. ನನ್ನ ಹಂದಿಗಳು."

ಟೀಚರು ಆ ದಿನ ಗೋಡೆಯ ಕಡೆಗೆ ತಿರುಗಿ ಮಲಗಿದರು. ಮರುದಿನ ಸ್ವಲ್ಪ ಈ ಕಡೆ ಹೊರಳಿದರು. ಮೂರನೆಯ ದಿನ, "ವರಾಹ ಅಂದ್ರೆ ದೇವರ ಅವತಾರವೇ ಅಲ್ವಾ, ನೋಡಬಹುದು," ಎಂದು ತಾವೇ ತೀರ್ಪು ಕೊಟ್ಟುಕೊಂಡು ಕನ್ನಡಕ ಹಾಕಿಕೊಂಡರು. ಆಮೇಲೆ ನರ್ಸು ಇಂಜೆಕ್ಷನ್ ಹಿಡಿದು ಬಂದರೆ, "ಸ್ವಲ್ಪ ನಿಲ್ಲಮ್ಮ, ಮೇಡಮ್ ತಿಂಡಿ ತಿನ್ತಾ ಉಂಟು," ಎಂದು ತಡೆಯುವಷ್ಟಾಯಿತು.

ಮೇಡಮ್ ಮರಿ ಹಾಕಿದ್ದು ಒಂದು ಮಧ್ಯಾಹ್ನ. ಕಿಟ್ಟ ಗೋಡೆಯ ಹೊರಗೆ ಕಾವಲಿಗೆ ನಿಂತಿದ್ದ. ವಾರ್ಡಿನಲ್ಲಿ ಫೋನನ್ನು ದಿಂಬಿಗೆ ಒರಗಿಸಿ ಗ್ಲೋರಿಯಾ ಬಾಯಿ, ಅವರ ಪಕ್ಕ ರೇಮಂಡರು, ಆ ಕಡೆಯಿಂದ ಕುತ್ತಿಗೆ ಚಾಚಿ ಟೀಚರು. ಒಂದೊಂದು ಮರಿ ಜಾರಿ ಬಿದ್ದು ಎದ್ದು ತಾಯಿಯ ಹೊಟ್ಟೆಗೆ ಓಡುವಾಗಲೂ ಟೀಚರು ಹಾಜರಿ ಕರೆದ ಹಾಗೆ ಎಣಿಸಿದರು. ಒಂಬತ್ತಾಯಿತು. ಗ್ಲೋರಿಯಾ ಬಾಯಿಯ ಕೆನ್ನೆಯಲ್ಲಿ, ತಿಂಗಳುಗಳಿಂದ ಇಲ್ಲದ ಬಣ್ಣ ಬಂತು. ರೇಮಂಡರು ಫೋನು ನೋಡಲಿಲ್ಲ, ಆ ಕೆನ್ನೆಯನ್ನೇ ನೋಡಿದರು.

ಎಲ್ಲ ಮುಗಿದ ಮೇಲೆ ಮೇಡಮ್ ಎದ್ದಳು. ಖಾಲಿ ಬಾಲ್ದಿಯನ್ನು ಮೂಸಿದಳು. ಬಾಗಿಲ ಕಡೆ ನೋಡಿದಳು. ಮಲಗಲು ಹೋಗಿ, ಮಲಗದೆ, ಸುತ್ತು ಬಂದಳು.

"ನನ್ನನ್ನು ಹುಡುಕ್ತಾಳೆ," ಎಂದರು ಗ್ಲೋರಿಯಾ ಬಾಯಿ. "ಕೇಳಿತಾ? ಮಾತಾಡುವ ಗುಂಡಿ ಒಂದು ಉಂಟು ಅಂದ್ರಲ್ಲ?"

ರೇಮಂಡರು ಗುಂಡಿ ತೋರಿಸಿದರು. ತೋರಿಸುವಾಗ ಅವರ ಬೆರಳಿಗೆ ಸ್ವಲ್ಪ ಗರ್ವವೇ ಇತ್ತು.

"ಯೋ ಬಾಯ್," ಎಂದರು ಗ್ಲೋರಿಯಾ ಬಾಯಿ. "ಯೋ."

ಮೇಡಮ್‌ನ ಕಿವಿಗಳು ನಿಮಿರಿದವು. ಅವಳು ಬಲ್ಬು, ಬಾಲ್ದಿ ಎಲ್ಲ ಬಿಟ್ಟು ಸ್ವರ ಬಂದ ಕಡೆಗೆ, ಕ್ಯಾಮೆರಾದ ಮೂಲೆಗೆ ನೇರ ನಡೆದಳು. ಪರದೆಯ ತುಂಬ ಅವಳ ಮೂತಿ ಬಂತು. ಟೀಚರು ಚಪ್ಪಾಳೆ ತಟ್ಟಿದರು. ತಾಯಿಯ ಹಿಂದೆ ಮರಿಗಳೂ ತಡವರಿಸುತ್ತ ಬಂದವು, ಬಂದು ಪರದೆಯ ಕೆಳಗಿನ ಅಂಚಿನಲ್ಲಿ ಒಂದೊಂದಾಗಿ ಕಾಣೆಯಾದವು.

ರೇಮಂಡರಿಗೆ ಅರ್ಥವಾಗುವಷ್ಟರಲ್ಲಿ ಮೇಡಮ್ ಬಿದ್ದಾಗಿತ್ತು. ಬಾಯಮ್ಮ ಇಲ್ಲೇ ಇದ್ದಾರೆ, ಕಾಲು ಅಡ್ಡ ಇದೆ, ಮರಿಗಳನ್ನು ಸರಿಸಿದ್ದಾರೆ ಎಂದು ನಂಬಿಯೇ ಬಿದ್ದಳು. ಪರದೆಯ ಅಂಚಿನಲ್ಲಿ ಅವಳ ಬೆನ್ನಿನ ಗೆರೆ ಮಾತ್ರ ಉಳಿಯಿತು. ಕೆಳಗಿನಿಂದ ಮರಿಗಳ ಕಿರುಚಾಟ ಬಂತು.

"ಏಳು ಬಾಯ್, ಏಳು," ಎಂದು ಗ್ಲೋರಿಯಾ ಬಾಯಿ ಕೂಗಿದರು. ಅವರು ಕೂಗಿದಷ್ಟೂ ಮೇಡಮಿಗೆ ಸಮಾಧಾನವಾಗುತ್ತಿತ್ತು. ಪರಿಚಯದ ಸ್ವರ. ಉಸಿರು ಬಿಟ್ಟು ಇನ್ನಷ್ಟು ಆರಾಮವಾಗಿ ಮೈಚಾಚಿದಳು.

ರೇಮಂಡರು ಹೆಂಡತಿಯ ಬೆರಳನ್ನು ಗುಂಡಿಯಿಂದ ಬಿಡಿಸಿ ಕಿಟ್ಟನಿಗೆ ಫೋನು ಮಾಡಿದರು. ಕಿಟ್ಟ ಲುಂಗಿಯ ಯೋಚನೆಯನ್ನೂ ಮಾಡದೆ ಒಳಗೆ ಹಾರಿದ. ಗದ್ದಲ, ಬೈಗಳು, ಬಾಲ್ದಿ ಉರುಳಿದ ಸದ್ದು. ಆಮೇಲೆ ಅವನು ಕಾಲು ಕುಂಟುತ್ತ ಕಂಡ. ಮರಿಗಳನ್ನು ಬಲ್ಬಿನಡಿಗೆ ಸೇರಿಸುತ್ತಿದ್ದ. ಟೀಚರು ಬಾಯಲ್ಲೇ ಎಣಿಸಿದರು, ಆರಕ್ಕೆ ನಿಲ್ಲಿಸಿದರು. ಕಿಟ್ಟ ಇನ್ನೂ ಏನನ್ನೋ ಗೋಣಿಯಲ್ಲಿ ಸುತ್ತಿ, ಕ್ಯಾಮೆರಾಕ್ಕೆ ಬೆನ್ನು ಹಾಕಿ ಹೊರಗೆ ಒಯ್ದ. ಅಷ್ಟು ನಾಜೂಕು ಅವನಲ್ಲಿದೆಯೆಂದು ಯಾರಿಗೂ ಗೊತ್ತಿರಲಿಲ್ಲ.

"ನಾನೇ ಕರೆದದ್ದು," ಎಂದರು ಗ್ಲೋರಿಯಾ ಬಾಯಿ.

"ಅಲ್ಲ ಗ್ಲೋರಿ. ಆ ಮೂಲೆ ಕಾಣುದಿಲ್ಲ ಅಂತ ಅವನು ಹೇಳಿದ್ದ. ನಾನು ಅಂಗಳಕ್ಕೆ ಇಟ್ಟೆ. ನಿನಗೆ ಹಲಸಿನ ಮರ ಕಾಣ್ಲಿ ಅಂತ."

ಸಂಜೆಯ ಗಂಜಿ ಬಂದು ಹಾಗೆಯೇ ಹಿಂದೆ ಹೋಯಿತು. ಆಮೇಲೆ ಗ್ಲೋರಿಯಾ ಬಾಯಿ ಗಂಡನ ಕಡೆ ತಿರುಗಿದರು.

"ನೀವು ಮನೆಗೆ ಹೋಗಿ. ಒಳಗೆ ಕೂತ್ಕೊಳ್ಳಿ. ಆರನ್ನಾದ್ರೂ ಉಳಿಸಿಕೊಡಿ ನನಗೆ."

"ನಿನ್ನನ್ನು ಇಲ್ಲಿ ಬಿಟ್ಟು?"

"ವೆರೊನಿಕಾ ಬರ್ತಾಳೆ. ಇಷ್ಟು ವರ್ಷ ಬಿಟ್ಟೇ ಇದ್ರಲ್ಲ, ಇನ್ನು ನಾಲ್ಕು ದಿನ ಎಂತ." ತಮಾಷೆಗೇ ಹೇಳಿದರು. ರೇಮಂಡರೂ ತಮಾಷೆಯೆಂದೇ ತೆಗೆದುಕೊಳ್ಳಲು ಪ್ರಯತ್ನಿಸಿದರು.

"ಅವಳು ನನ್ನನ್ನು ಹತ್ತಿರ ಬಿಡುದಿಲ್ಲ."

"ಗೂಡಿನ ಹೊರಗೆ ನನ್ನ ಕೆಲಸದ ನೈಟಿ ತೂಗ್ತಾ ಉಂಟು. ಒಗೆದಿಲ್ಲ ಅಲ್ವಾ? ಒಗೀಬೇಡಿ. ಅದನ್ನು ಹಾಕ್ಕೊಂಡು ಹೋಗಿ." ಸ್ವಲ್ಪ ಉಸಿರು ತೆಗೆದುಕೊಂಡು ಸೇರಿಸಿದರು: "ಒಳಗೆ ಫೋನು ಬೇಡ, ರಿಂಗಾದ್ರೆ ಏಳ್ತಾಳೆ. ಕಿಟ್ಟನ ಹತ್ರ ಇರ್ಲಿ. ನಾನೂ ಇನ್ನು ಆ ಗುಂಡಿ ಮುಟ್ಟುದಿಲ್ಲ. ನೀವು ಮಾತಾಡ್ತಾ ಇರಿ, ನಾನು ಕೇಳ್ತಾ ಇರ್ತೇನೆ."

ಹೀಗೆ ರೇಮಂಡ್ ಪೊರ್ಬುಗಳು ಹೂವಿನ ನೈಟಿ ತೊಟ್ಟು ಹಂದಿಗೂಡಿಗೆ ಇಳಿದರು. "ಭುಜದಲ್ಲಿ ಸ್ವಲ್ಪ ಬಿಗಿ ಆಯ್ತು ಪೊರ್ಬುಲೇ," ಎಂದ ಕಿಟ್ಟ, ನಗಬೇಕೋ ಬೇಡವೋ ತಿಳಿಯದೆ. ಮೇಡಮ್ ಹಲ್ಲು ಕಡಿಯುತ್ತ ಬಂದಳು, ನೈಟಿಯ ತುದಿ ಮೂಸಿದಳು, ಮೇಲೆ ನೋಡಿದಳು, ಮತ್ತೆ ಮೂಸಿದಳು. ಕೊನೆಗೆ ಅನುಮಾನ ಪೂರ್ತಿ ಹೋಗದವರ ಹಾಗೆ ಪಕ್ಕಕ್ಕೆ ಸರಿದಳು. ರೇಮಂಡರು ಬಾಲ್ದಿಯ ಮೇಲೆ ಕೂತರು. ಅವಳು ಬೀಳುವ ಹೊತ್ತಿಗೆ, ಗ್ಲೋರಿಯಾ ಬಾಯಿಯ ಹಾಗೆಯೇ, ಕಾಲನ್ನು ಅಡ್ಡ ಇಟ್ಟರು.

ಮರುದಿನವೂ ಕೂತರು, ಅದರ ಮರುದಿನವೂ. ಕ್ಯಾಮೆರಾದ ಕಡೆ ನೋಡಿ ಮಾತಾಡಿದರು. ಮೊದಲು ಮರಿಗಳ ವರದಿ. ಅದು ಮುಗಿದ ಮೇಲೆ, ಗಂಡಹೆಂಡಿರು ವರ್ಷಗಟ್ಟಲೆ ಫೋನಿನಲ್ಲಿ "ಊಟ ಆಯ್ತಾ, ಮಳೆ ಉಂಟಾ" ಎಂದಷ್ಟೇ ಹೇಳಿ ಉಳಿಸಿಟ್ಟದ್ದೆಲ್ಲ. ಕುವೈತಿನ ಕೋಣೆಯಲ್ಲಿ, ಮಾಲಿಗೆ ಬಂದ ಹೆಂಗಸರಲ್ಲಿ ಯಾರಾದರೂ ಗ್ಲೋರಿಯ ಹಾಗೆ ನಡೆದರೆ ಆ ಪರದೆಯನ್ನೇ ದೊಡ್ಡದು ಮಾಡಿ ನೋಡುತ್ತಿದ್ದರಂತೆ. ಅದನ್ನೂ ಹೇಳಿದರು. ಉತ್ತರ ಬರಲಿಲ್ಲ, ಬರಬಾರದು ಎಂದು ಒಪ್ಪಂದ. ಆಸ್ಪತ್ರೆಗೆ ಹೋಗಿಬರುವ ಕಿಟ್ಟ ಸುದ್ದಿ ತಂದ: "ನೈಟಿ ನೋಡಿ ಬಾಯಮ್ಮ ನಗಾಡಿ ನಗಾಡಿ ಕೆಮ್ಮು ಬಂತಂತೆ. ಟೀಚರು ಬೈದ್ರಂತೆ."

ನಾಲ್ಕನೆಯ ದಿನ ಬೆಳಗ್ಗೆ ಒಂದು ಮರಿಯ ಸಮಸ್ಯೆ ಬಂತು. ಎಲ್ಲಕ್ಕಿಂತ ಚಿಕ್ಕದು, ಇಲಿಗಿಂತ ಸ್ವಲ್ಪ ದೊಡ್ಡದು. ಯಾವ ಮೊಲೆಗೆ ಹೋದರೂ ಉಳಿದವು ದೂಡುತ್ತಿದ್ದವು. ರೇಮಂಡರು ಅದನ್ನು ಅಂಗೈಯಲ್ಲಿ ಎತ್ತಿ ಕ್ಯಾಮೆರಾಕ್ಕೆ ತೋರಿಸಿದರು.

"ಗ್ಲೋರೀ, ಈ ಕುಳ್ಳನಿಗೆ ಎಲ್ಲೂ ಜಾಗ ಇಲ್ಲ. ಎಂತ ಮಾಡುದು?"

ಸ್ವಲ್ಪ ಕಾದರು. ಆಮೇಲೆ ತಾವೇ ಯೋಚಿಸಿ, ಯಾರೂ ಇಲ್ಲದ ಹಿಂದಿನ ಮೊಲೆಗೆ ಹಿಡಿದರು. ಹಿಡಿದುಕೊಂಡು ಇನ್ನೂ ಏನೇನೋ ಹೇಳುತ್ತಿದ್ದರು: ಹಲಸಿನ ಹಣ್ಣು ಇಳಿಸಿದ್ದು, ಮೇಡಮ್ ಈಗ ತನ್ನನ್ನು ನೋಡಿ ಹಲ್ಲು ಕಡಿಯದೆ ಇರುವುದು. ಮಾತಾಡುತ್ತಲೇ ಇದ್ದರು, ಕಿಟ್ಟ ಫೋನನ್ನು ಎರಡು ಕೈಯಲ್ಲೂ ಹಿಡಿದು ಗೋಡೆಯ ಹತ್ತಿರ ಬಂದು ನಿಲ್ಲುವವರೆಗೆ.

ವಾರ್ಡಿನಲ್ಲಿ ವೆರೊನಿಕಾ ಅಳುತ್ತಿದ್ದಳು. ಹಾಸಿಗೆಯ ಸುತ್ತ ಪರದೆ ಎಳೆದಿದ್ದರು. ಸುಭಾಷಿಣಿ ಟೀಚರು ರೇಮಂಡರನ್ನು ಹತ್ತಿರ ಕರೆದು ಕೂರಿಸಿಕೊಂಡರು.

"ಫೋನು ಎದೆ ಮೇಲೆ ಇಟ್ಕೊಂಡಿದ್ರು. ನೀವು ಮಾತಾಡ್ತಾ ಇದ್ರಿ, ಹಾಗಾಗಿ ನಾವು ಯಾರೂ ಆಫ್ ಮಾಡ್ಲಿಲ್ಲ."

"ಯಾವುದರವರೆಗೆ ಕೇಳಿದ್ಲು ಟೀಚರೇ?"

"ನೀವು ಆ ಸಣ್ಣ ಮರಿಯ ವಿಷಯ ಕೇಳಿದ್ರಿ ಅಲ್ವಾ? ಅದಕ್ಕೆ ಉತ್ತರ ಹೇಳಿದ್ರು. ಮುಂದಿನ ಮೊಲೆಗೆ ಹಿಡೀರಿ, ಅಲ್ಲಿ ಹಾಲು ಜಾಸ್ತಿ, ದೊಡ್ಡವನನ್ನು ಹಿಂದೆ ಹಾಕಿ ಅಂತ. ಗುಂಡಿ ಒತ್ತಿ ಹೇಳಿ ಅಂದೆ ನಾನು. ಬೇಡ, ಮೇಡಮ್ ಏಳ್ತಾಳೆ ಅಂದ್ರು."

"ಮತ್ತೆ?"

ಟೀಚರು ಕನ್ನಡಕ ತೆಗೆದರು. "ಮತ್ತೆ ನೀವು ಹಿಂದಿನದಕ್ಕೆ ಹಿಡಿದ್ರಿ. 'ಅದಲ್ಲ ಮಾರಾಯ್ರೆ, ಮುಂದಿನದು' ಅಂದ್ರು. ಅಷ್ಟೇ."

ಇಗರ್ಜಿಯ ಮಣ್ಣಿನಲ್ಲಿ ಗ್ಲೋರಿಯಾ ಬಾಯಿಯನ್ನು ಇಳಿಸಿ ಬಂದ ಮಧ್ಯಾಹ್ನ, ನೆಂಟರೆಲ್ಲ ಅಂಗಳದ ಶಾಮಿಯಾನದಲ್ಲಿ ಕೂತಿದ್ದಾಗ, ರೇಮಂಡರು ಕೋಟು ಕಳಚಿ ಕುರ್ಚಿಗೆ ಹಾಕಿ, ನೈಟಿ ತೊಟ್ಟು ಗೂಡಿಗೆ ಇಳಿದರು. ಕುಳ್ಳ ಹಿಂದಿನ ಮೊಲೆಯ ಹತ್ತಿರ ಬಿದ್ದಿತ್ತು, ಹೊಟ್ಟೆ ಬೆನ್ನಿಗೆ ಅಂಟಿತ್ತು. ಮುಂದಿನ ಮೊಲೆಯಲ್ಲಿದ್ದ ದಡಿಯನನ್ನು ಎಳೆದು ಹಿಂದೆ ಹಾಕಿದಾಗ ಅದು ಊರಿಗೆಲ್ಲ ಕೇಳುವ ಹಾಗೆ ಕಿರುಚಿತು. ಮೇಡಮ್ ತಲೆ ಎತ್ತಿ ನೋಡಿ ಮತ್ತೆ ಕೆಳಗಿಟ್ಟಳು. ಕುಳ್ಳನ ಬಾಯಿ ಎರಡು ಸಲ ಜಾರಿತು. ಆಮೇಲೆ ಹಿಡಿಯಿತು.

"ಭಾವಾ, ಊಟಕ್ಕೆ ಬನ್ನಿ," ಎಂದು ವೆರೊನಿಕಾ ಗೋಡೆಯ ಆಚೆಯಿಂದ ಕರೆದಳು. "ಎಲ್ಲ ಕಾಯ್ತಾ ಇದ್ದಾರೆ."

"ನೀವು ಮಾಡಿ," ಎಂದರು ರೇಮಂಡರು, ತಿರುಗದೆ. "ನಾನು ಕೈ ಬಿಟ್ಟರೆ ಇವನನ್ನು ದೂಡ್ತವೆ."